ನಾನು ಬಿಚ್ಚಿಟ್ಟು ಬಂದ ಮೂರನೇ ವೈರು

ಸಿರುಗುಪ್ಪದ ಆ ಮನೆಗೆ ನಾನು ಹೋದದ್ದು ಒಂದು ಸದ್ದನ್ನು ತೆಗೆಯುವುದಕ್ಕೆ. ತೆಗೆದು, ಶಹಬ್ಬಾಸ್ ಅನ್ನಿಸಿಕೊಂಡು, ಅವರು ತರಿಸಿಕೊಟ್ಟ ಮಿರ್ಚಿ ಬಜ್ಜಿ ತಿಂದು ಬಳ್ಳಾರಿ ಬಸ್ಸು ಹತ್ತಿದೆ. ಮರುದಿನ ಬೆಳಿಗ್ಗೆ ಅದೇ ಸದ್ದನ್ನು ವಾಪಸು ಹಾಕಿ ಬರಲು ಅದೇ ದಾರಿಯಲ್ಲಿ ಹೋಗುತ್ತಿದ್ದೆ. ನಾನು ಮುಟ್ಟುವಷ್ಟರಲ್ಲಿ ಅಲ್ಲಿ ಒಂದು ಜೀವಕ್ಕೆ ಏನಾಗಿರುತ್ತದೋ ಗೊತ್ತಿರಲಿಲ್ಲ.

ಫೋನ್ ಮಾಡಿ ಕರೆಸಿದವರು ಅಕ್ಕಿ ಗಿರಣಿಯಲ್ಲಿ ಮೇಸ್ತ್ರಿಯಾಗಿ ದುಡಿದು ನಿವೃತ್ತರಾದವರು. ಯಂತ್ರಗಳ ನಡುವೆಯೇ ತಲೆ ಬೆಳ್ಳಗಾದ ಮನುಷ್ಯ. ಸಂಜೆ ಹೊತ್ತು ಹಳೆಯ ದೊಡ್ಡಾಟದ ಕ್ಯಾಸೆಟ್ಟು ಹಾಕಿಕೊಂಡು ಕೇಳುವುದೊಂದೇ ಅವರ ಚಟ.

“ತಂಗಿ, ನಿಮ್ಮಪ್ಪಾರು ಕೈಯಾರ ಕಟ್ಟಿಕೊಟ್ಟ ಮಷಿನ್ ಇದು. ಇಪ್ಪತ್ತು ವರ್ಷ ಒಂದ್ ದಿನ ತಂಟೆ ಮಾಡಿದ್ದಿಲ್ಲ. ಈಗ ಎರಡು ತಿಂಗಳಾತು, ಗುಂಯ್ ಅಂತೈತಿ. ಒಮ್ಮೆ ಅಂತೈತಿ, ಒಮ್ಮೆ ಸುಮ್ನಿರ್ತೈತಿ. ಗಿರಣ್ಯಾಗ ಬೇರಿಂಗ್ ಹೋಗಿದ್ರ ನಾ ಗೇಟಿನ್ಯಾಗ ನಿಂತು ಹೇಳ್ತಿದ್ದೆ. ಇದೊಂದು ಮಾತ್ರ ತಿಳೀವಲ್ದು.”

ನಮ್ಮ ಅಂಗಡಿ ಕಂಟೋನ್ಮೆಂಟಿನಲ್ಲಿ, ಮನೆಯ ಮುಂದಿನ ಕೋಣೆಯಲ್ಲೇ ಇದೆ. ಅಪ್ಪ ರೇಡಿಯೋ ರಿಪೇರಿ ಮಾಡುತ್ತ, ಕೇಳಿದವರಿಗೆ ಆಂಪ್ಲಿಫೈಯರ್ ಕಟ್ಟಿಕೊಡುತ್ತಿದ್ದ. ಈಗ ಆ ಸ್ಟೂಲಿನ ಮೇಲೆ ನಾನು ಕೂರುತ್ತೇನೆ. ಇವತ್ತಿಗೂ ಹೊಸ ಗಿರಾಕಿಗಳು ಬಾಗಿಲಲ್ಲಿ ಇಣುಕಿ, “ರಿಪೇರಿಯವ್ರು ಇಲ್ಲೇನ್ರಿ?” ಎಂದು ನನ್ನನ್ನೇ ಕೇಳುತ್ತಾರೆ. ಅಪ್ಪನ ಆಂಪ್ಲಿಗೆ ಮೂರು ಪಿನ್ನಿನ ಪ್ಲಗ್ಗೇ ಇರುತ್ತಿತ್ತು. ಎರಡು ಪಿನ್ನಿನದು ಸಾಕು ಅಂದವರ ಹತ್ತಿರ ಅವನು ಜಗಳಕ್ಕೆ ನಿಲ್ಲುತ್ತಿದ್ದ. ಮೂರನೆಯದು ಅರ್ತಿಂಗ್. ಒಳಗೆ ಎಲ್ಲಾದರೂ ವೈರು ಸುಟ್ಟು ಕರೆಂಟು ಡಬ್ಬಿಯ ಮೈಗೆ ಬಂದರೆ ಅದನ್ನು ನೆಲಕ್ಕಿಳಿಸುವ ದಾರಿ ಅದು. ಇದನ್ನು ನಾನು ಅಕ್ಷರ ಕಲಿಯುವ ಮೊದಲೇ ಕಲಿತಿದ್ದೆ.

ಮೇಸ್ತ್ರಿಯ ಮನೆ ಊರಿನ ಹಳೆಯ ಭಾಗದಲ್ಲಿ. ಮೊದಲು ಉದ್ದಕ್ಕೆ ಒಂದೇ ಮನೆಯಾಗಿತ್ತು. ಮೂರು ವರ್ಷದ ಹಿಂದೆ ಅಣ್ಣ ತಮ್ಮ ಪಾಲಾಗಿ ಅಂಗಳದ ನಡುವೆ ಆಳೆತ್ತರದ ಗೋಡೆ ಎದ್ದಿತ್ತು. ಅಂಗಳಕ್ಕೆಲ್ಲ ಸಿಮೆಂಟು ಹೊಡೆಸಿ ನುಣ್ಣಗೆ ಮಾಡಿದ್ದರು. “ಗ್ವಾಡಿ ಆಚೆ ಯಾರಿರ್ತಾರ್ರಿ?” ಎಂದು ಸುಮ್ಮನೆ ಕೇಳಿದ್ದಕ್ಕೆ ಮೇಸ್ತ್ರಿ, “ಯಾರೋ ಇರ್ತಾರ” ಎಂದು ಆಂಪ್ಲಿಯ ಮೇಲಿನ ಬಟ್ಟೆ ತೆಗೆದರು. ಆ ಕಡೆಯ ಸುದ್ದಿ ಈ ಮನೆಯಲ್ಲಿ ಎತ್ತುವಂತಿಲ್ಲ ಎಂದು ಅಷ್ಟರಲ್ಲೇ ತಿಳಿಯಿತು.

ಸ್ವಿಚ್ ಹಾಕಿದರು. ದಪ್ಪನೆಯ, ಕೆಳಸ್ವರದ ಗುಂಯ್. ನಾವಿದನ್ನು ಹಮ್ ಅನ್ನುತ್ತೇವೆ. ಇದನ್ನು ಹಿಡಿಯಲು ಅಪ್ಪ ಕಲಿಸಿದ ಕ್ರಮ ಸರಳ. ಮೊದಲು ವಾಲ್ಯೂಮನ್ನು ಸೊನ್ನೆಗೆ ತರಬೇಕು. ಸದ್ದು ಹಾಗೇ ಉಳಿದರೆ ರೋಗ ಆಂಪ್ಲಿಯ ಹೊಟ್ಟೆಯೊಳಗಿದೆ, ಹೆಚ್ಚಾಗಿ ಫಿಲ್ಟರ್ ಕಂಡೆನ್ಸರಿನಲ್ಲಿ. ಇಳಿದರೆ ರೋಗ ಹೊರಗಿನಿಂದ ಬರುತ್ತಿದೆ. ಇಲ್ಲಿ ಅರ್ಧ ಇಳಿಯಿತು, ಅರ್ಧ ಉಳಿಯಿತು.

ಮುಚ್ಚಳ ತೆಗೆದೆ. ಎರಡು ದೊಡ್ಡ ಕಂಡೆನ್ಸರುಗಳಲ್ಲಿ ಒಂದರ ತಲೆ ಉಬ್ಬಿತ್ತು. ಇಪ್ಪತ್ತು ವರ್ಷದ ಮಾಲು, ಉಬ್ಬುವುದು ಸಹಜ. ಎರಡನ್ನೂ ತೆಗೆದು ಹೊಸದು ಕೂಡಿಸಿ, ಸೋಲ್ಡರ್ ಮಾಡಿ, ಸ್ವಿಚ್ ಹಾಕಿದೆ. ನಿಶ್ಶಬ್ದ. ಮೇಸ್ತ್ರಿಯ ಮುಖ ಅರಳಿತು. ನಾನು ಸ್ಕ್ರೂ ಬಿಗಿಯುತ್ತಿರುವಾಗಲೇ, ಹತ್ತು ನಿಮಿಷ ಆಗಿತ್ತೋ ಇಲ್ಲವೋ, ಯಾರೋ ಬೇಕೆಂದೇ ಕಾಯುತ್ತಿದ್ದವರಂತೆ ಗುಂಯ್ ಮತ್ತೆ ಶುರುವಾಯಿತು.

ನನಗೆ ಮುಖ ಬಿಸಿಯಾಯಿತು. ಎರಡು ಗಂಟೆಯ ಕೆಲಸ ನೀರಲ್ಲಿ ಹೋಮ. ಆಮೇಲೆ ಹಿಂದಿನ ತಂತಿಗಳನ್ನು ಒಂದೊಂದಾಗಿ ಎಳೆಯುತ್ತ ಹೋದೆ. ಕ್ಯಾಸೆಟ್ ಡೆಕ್ಕಿನದು ಎಳೆದೆ, ಸದ್ದು ಕದಲಲಿಲ್ಲ. ಟಿವಿಯ ಸೆಟ್ ಟಾಪ್ ಬಾಕ್ಸಿನದು ಎಳೆದೆ, ಕತ್ತರಿಸಿದ ಹಾಗೆ ನಿಂತಿತು. ಮತ್ತೆ ಚುಚ್ಚಿದೆ, ಬಂತು.

ಈಗ ರೋಗದ ಹೆಸರು ಸಿಕ್ಕಿತು: ಅರ್ತ್ ಲೂಪು. ಆಂಪ್ಲಿ ತನ್ನ ಮೂರನೇ ಪಿನ್ನಿನಿಂದ ಮನೆಯ ಅರ್ತಿಂಗ್ ಗುಂಡಿಗೆ ಸೇರಿದೆ. ಬಾಕ್ಸು ಡಿಶ್ ಕೇಬಲ್ಲಿನಿಂದ ಮಾಳಿಗೆಯ ಕಬ್ಬಿಣದ ಕಂಬಕ್ಕೆ, ಅಲ್ಲಿಂದ ಕಟ್ಟಡದ ಸರಳುಗಳಿಗೆ ಸೇರಿದೆ. ಹೀಗೆ ಎರಡು ಕಡೆ ನೆಲ ಮುಟ್ಟಿದೆ. ಎರಡೂ ಒಂದೇ ಮಟ್ಟದಲ್ಲಿದ್ದರೆ ತಕರಾರಿಲ್ಲ. ಒಂದು ಕಡೆ ಕರೆಂಟು ಏರಿತೆಂದರೆ ಅದು ತೆಳ್ಳನೆಯ ಆಡಿಯೋ ವೈರಿನ ಮೇಲೆ ಹಾದು ಇನ್ನೊಂದು ಕಡೆಗೆ ಹರಿಯುತ್ತದೆ, ಸ್ಪೀಕರಿನಲ್ಲಿ ಗುಂಯ್ ಅನ್ನುತ್ತದೆ.

ಹಾಗಾದರೆ ಒಂದು ಕಡೆ ಯಾಕೆ ಏರುತ್ತಿದೆ, ಅದೂ ಒಮ್ಮೊಮ್ಮೆ ಮಾತ್ರ ಯಾಕೆ? ಆಗ ಕೇಳಿಕೊಳ್ಳಬೇಕಾಗಿದ್ದ ಪ್ರಶ್ನೆ ಇದೊಂದೇ. ನಾನು ಕೇಳಿಕೊಳ್ಳಲಿಲ್ಲ. ನಾಲ್ಕು ಗಂಟೆಯ ಬಸ್ಸಿನ ಮೇಲೆ ನನ್ನ ಕಣ್ಣಿತ್ತು.

ಮೇಸ್ತ್ರಿ ಬಜ್ಜಿ ತರಲು ಮೂಲೆಯ ಅಂಗಡಿಗೆ ಹೋಗಿದ್ದರು. ಅವರ ಸೊಸೆ ಚಹಾ ತಂದಳು. ಬಟ್ಟೆ ಒಗೆಯುತ್ತಿದ್ದವಳು ಹಾಗೇ ಎದ್ದು ಬಂದಿದ್ದಳು, ಸೀರೆಯ ಅಂಚು ಒದ್ದೆಯಾಗಿತ್ತು. ಲೋಟ ಇಟ್ಟು ಹೋಗದೆ ಅಲ್ಲೇ ನಿಂತಳು.

“ಅಕ್ಕಾರ, ನೀವು ಕರೆಂಟಿನ ಕೆಲ್ಸ ಗೊತ್ತಿದ್ದಾರಲ್ರಿ? ಆ ಒಗಿಯೋ ಕಲ್ಲಿನ ಹತ್ರ ನಲ್ಲಿ ಐತಲ್ಲ, ಅದು ಮುಟ್ಟಿದ್ರ ಒಂದೊಂದ್ ಸಲ ಜುಂ ಅಂತೈತ್ರಿ. ಈ ಮಷಿನ್ ಗುಂಯ್ ಅಂದಾಗನಾ ಅದೂ ಜುಂ ಅಂತೈತಿ. ಅದು ಯಾವಾಗ ಅಂದ್ರ...”

“ನಾ ಆಂಪ್ಲಿ ರಿಪೇರಿಯಾಕಿ ತಂಗಿ,” ಎಂದೆ ತಲೆ ಎತ್ತದೆ. “ನಲ್ಲಿದು ನಿಮ್ಮ ವೈರ್‌ಮನ್ನಿಗೆ ಹೇಳು.”

“ಆತ್ರಿ,” ಎಂದು ಅವಳು ಒಳಗೆ ಹೋದಳು.

ಇಂಥ ಲೂಪಿಗೆ ಸರಿಯಾದ ಮದ್ದು ಒಂದಿದೆ: ಬಾಕ್ಸಿನಿಂದ ಬರುವ ವೈರಿನ ನಡುವೆ ಹಾಡನ್ನು ದಾಟಿಸಿ ನೆಲದ ನಂಟನ್ನಷ್ಟೇ ಕಡಿಯುವ ಪುಟ್ಟದೊಂದು ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕುವುದು. ಅದು ನನ್ನ ಅಂಗಡಿಯ ಡ್ರಾಯರಿನಲ್ಲಿತ್ತು, ಚೀಲದಲ್ಲಿರಲಿಲ್ಲ. ಇನ್ನೊಂದು ಕಳ್ಳ ಮದ್ದು ಪೆಂಡಾಲಿನ ಸೌಂಡಿನವರಿಂದ ಹಿಡಿದು ಎಲ್ಲರಿಗೂ ಗೊತ್ತು. ಪ್ಲಗ್ಗು ಬಿಚ್ಚಿ, ಹಸಿರು ಬಣ್ಣದ ಮೂರನೇ ವೈರನ್ನು ಕಳಚಿ, ತುದಿಗೆ ಟೇಪು ಸುತ್ತಿ ಒಳಗೇ ಮಡಚಿಟ್ಟು ಮುಚ್ಚುವುದು. ನೆಲ ಮುಟ್ಟುವ ಎರಡು ದಾರಿಗಳಲ್ಲಿ ಒಂದು ಹೋಗುತ್ತದೆ, ಲೂಪು ಮುರಿಯುತ್ತದೆ. ಎರಡು ನಿಮಿಷದ ಕೆಲಸ. ಆಂಪ್ಲಿ ಮರದ ಪೆಟ್ಟಿಗೆಯಲ್ಲಿದೆ, ಯಾರು ಅದರ ಮೈ ಮುಟ್ಟುತ್ತಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಅದನ್ನೇ ಮಾಡಿದೆ.

ಮೇಸ್ತ್ರಿ ಕ್ಯಾಸೆಟ್ಟು ಹಾಕಿದರು. ಭಾಗವತರು ಉಸಿರೆಳೆದುಕೊಳ್ಳುವ ಸದ್ದು ಕೂಡ ಕೇಳಿಸಿತು. ಅವರು ಕಣ್ಣು ಮುಚ್ಚಿ ಒಂದು ಪದ ಪೂರ್ತಿ ಕೇಳಿ, “ಅಪ್ಪನ ಕೈ ಬಂದೈತಿ ನಿನಗ” ಎಂದರು. ಆ ಮಾತು ಕೇಳಿ ನನಗೆ ಬಹಳ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ, ಬಸ್ಸಿನಲ್ಲಿ ಅದನ್ನೇ ಮೆಲುಕು ಹಾಕುತ್ತ ಬಂದೆ.

ನಮ್ಮ ಅಂಗಡಿಯ ಪಕ್ಕ ಬೇವಿನ ಮರದ ಬುಡದಲ್ಲಿ ಅರ್ತಿಂಗ್ ಗುಂಡಿ ಇದೆ. ಬೇಸಿಗೆ ಶುರುವಾದರೆ ದಿನಾ ಬೆಳಿಗ್ಗೆ ಅದಕ್ಕೊಂದು ಬಕೆಟ್ ನೀರು ಹಾಕುವುದು ಅಪ್ಪನ ಕಾಲದಿಂದ ನಡೆದು ಬಂದ ರೂಢಿ. ಗುಂಡಿಯಲ್ಲಿರುವ ಉಪ್ಪು, ಇದ್ದಿಲು ಹಸಿಯಾಗಿದ್ದರೆ ಮಾತ್ರ ಸೋರಿದ ಕರೆಂಟು ನೆಲದೊಳಗೆ ಇಳಿಯುತ್ತದೆ. ಒಣಗಿದರೆ ಇಳಿಯಲು ದಾರಿಯಿಲ್ಲದೆ ಮನೆಯ ಅರ್ತ್ ವೈರಿನಲ್ಲೇ ನಿಂತುಬಿಡುತ್ತದೆ. ಮರುದಿನ ಬೆಳಿಗ್ಗೆ ನೀರು ಹಾಕಿ, ಅದು ಗುಳುಗುಳು ಅನ್ನುತ್ತ ಇಂಗುವುದನ್ನು ನೋಡುತ್ತಿದ್ದೆ. ಆ ಮನೆಯ ಗುಂಡಿ ಎಲ್ಲಿತ್ತು ಎಂದು ಆಗ ಯೋಚನೆ ಬಂತು. ಅಂಗಳವೆಲ್ಲ ಸಿಮೆಂಟು. ನೀರು ಇಂಗುವ ಒಂದು ಬೊಗಸೆ ಮಣ್ಣನ್ನೂ ನಾನು ಅಲ್ಲಿ ಕಂಡಿರಲಿಲ್ಲ.

ಬಕೆಟ್ ಕೈಯಲ್ಲೇ ಉಳಿಯಿತು. ಎಲ್ಲಿಂದಲೋ ಕರೆಂಟು ಸೋರುತ್ತಿದೆ. ಗುಂಡಿ ಒಣಗಿದೆ. ಇಳಿಯಲಾಗದ ಕರೆಂಟು ಅರ್ತ್ ವೈರಿಗೆ ಏರುತ್ತಿದೆ. ಆ ವೈರಿಗೆ ಸೇರಿದ್ದೆಲ್ಲಕ್ಕೂ ಏರುತ್ತದೆ: ಆಂಪ್ಲಿಗೆ, ನೀರೆತ್ತುವ ಪಂಪಿನ ಮೈಗೆ, ಪಂಪಿನಿಂದ ಹೊರಟ ಕಬ್ಬಿಣದ ಪೈಪಿಗೆ, ಪೈಪಿನ ತುದಿಯ ನಲ್ಲಿಗೆ. ಆ ಹುಡುಗಿ ಒದ್ದೆ ಕಾಲಲ್ಲಿ ನಿಂತು ತಿರುಗಿಸುವ ನಲ್ಲಿ. ಗುಂಯ್ ಅಂದಾಗಲೇ ಜುಂ ಅನ್ನುತ್ತದೆ ಎಂದು ಅವಳು ಬಾಯಿಬಿಟ್ಟು ಹೇಳಿದ್ದಳು. ಆ ಸದ್ದು ಆ ಮನೆಗೆ ಎಚ್ಚರಿಕೆಯ ಗಂಟೆಯಾಗಿತ್ತು. ನಾನು ಕರೆಂಟನ್ನು ಅಲ್ಲೇ ಬಿಟ್ಟು ಗಂಟೆಯನ್ನು ಮಾತ್ರ ಕಳಚಿ ಬಂದಿದ್ದೆ.

ನನ್ನ ಮಾತನ್ನು ಅರ್ಧಕ್ಕೇ ಕತ್ತರಿಸಿ, “ಯಜಮಾನ್ರನ್ನ ಕರೀರಿ” ಅನ್ನುವ ಗಂಡಸರನ್ನು ಜೀವಮಾನವೆಲ್ಲ ಬೈದಿದ್ದೇನೆ. ಅವಳಿಗೆ ನಾನು ಮಾಡಿದ್ದೂ ಅದನ್ನೇ. ನಾಚಿಕೆಗೂ ಹೆದರಿಕೆಗೂ ನನಗೆ ಆಗ ವ್ಯತ್ಯಾಸ ತಿಳಿಯಲಿಲ್ಲ.

ಮೇಸ್ತ್ರಿಗೆ ಫೋನ್ ಮಾಡಿದೆ, ಹತ್ತಲಿಲ್ಲ. ಕುರುಗೋಡಿನಲ್ಲಿ ನನಗೆ ಗೊತ್ತಿರುವ ವೈರ್‌ಮನ್ ಒಬ್ಬನಿದ್ದಾನೆ, ಅರ್ತಿಂಗ್ ಕೆಲಸದಲ್ಲಿ ಪಳಗಿದವನು. ಅವನಿಗೆ ವಿಷಯ ಹೇಳಿ, “ಬೈಕ್ ತಗೊಂಡು ಸೀದಾ ಸಿರುಗುಪ್ಪಕ್ಕ ಬಾರೋ” ಎಂದೆ. ಮೀಟರು, ಟೇಪು, ಡ್ರಾಯರಿನಲ್ಲಿದ್ದ ಆ ಟ್ರಾನ್ಸ್‌ಫಾರ್ಮರು ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು ಬಸ್ಸು ಹತ್ತಿದೆ.

ಆ ಬಸ್ಸು ಅವತ್ತು ನಿಲ್ಲದ ಜಾಗವಿಲ್ಲ. ಒಂದು ಕಡೆ ಮೇವಿನ ಹೊರೆ ಇಳಿಸಿದರು, ಇನ್ನೊಂದು ಕಡೆ ಡ್ರೈವರ್ ಇಳಿದು ಚಹಾ ಕುಡಿದ. ಅರ್ಧ ದಾರಿಯಲ್ಲಿ ಮೇಸ್ತ್ರಿಯ ಫೋನು ಹತ್ತಿತು. ಅವರು ಮನೆಯಲ್ಲಿರಲಿಲ್ಲ, ಕರೂರಿನಲ್ಲಿದ್ದರು.

“ಇಲ್ಲೊಬ್ರದು ಭತ್ತದ ಮಷಿನ್ ನೋಡಾಕ ಬಂದೀನಿ ತಂಗಿ. ಹಾಡು ಭಾಳ ಚಂದ ಬರಾಕತ್ತೈತಿ.”

“ಹಾಡು ಇರ್ಲಿ ಮೇಸ್ತ್ರಿ. ಮನ್ಯಾಗ ಆ ನಲ್ಲಿ ಯಾರೂ ಮುಟ್ಟಬಾರ್ದು. ನಿಮ್ಮ ಸೊಸಿಗೆ ಹೇಳ್ರಿ, ಈಗಲೇ.”

“ಅಯ್ಯ, ಅದು ಎರಡು ತಿಂಗಳಿಂದ ಹಂಗಾ ಐತಿ ಬಿಡು. ಸ್ವಲ್ಪ ಚುರ್ ಅಂತೈತಿ, ಏನಾಗಂಗಿಲ್ಲ.”

ಜಗಳ ಆಡಿ ಸೊಸೆಯ ನಂಬರು ಇಸಿದುಕೊಂಡೆ. ಮಾಡಿದೆ. ಫೋನು ರಿಂಗಾಗುತ್ತಲೇ ಇತ್ತು, ಎತ್ತಲಿಲ್ಲ. ಗಂಟೆ ಒಂಬತ್ತೂವರೆ. ಒಗೆಯುವ ಹೊತ್ತು. ಫೋನು ಒಳಗಿರುತ್ತದೆ, ಅವಳು ಕಲ್ಲಿನ ಹತ್ತಿರ ಇರುತ್ತಾಳೆ. ನಾಲ್ಕು ಸಲ ಮಾಡಿದೆ. ಪಕ್ಕದಲ್ಲಿ ಕೂತಿದ್ದ ಅಜ್ಜಿ, “ಏನಮ್ಮಾ, ಮನ್ಯಾಗ ಯಾರಿಗಾರ ಆರಾಮಿಲ್ಲೇನು?” ಎಂದು ಕೇಳಿದಳು. ನಾನು ಐದನೇ ಸಲ ನಂಬರು ಒತ್ತಿದೆ.

ವೈರ್‌ಮನ್ ಆಗಲೇ ಬಸ್ ಸ್ಟ್ಯಾಂಡಿನಲ್ಲಿದ್ದ. ಅವನ ಬೈಕಿನಲ್ಲಿ ಮನೆ ಮುಟ್ಟಿದೆವು. ಬಾಗಿಲು ತೆರೆದಿತ್ತು. ಅಂಗಳದಲ್ಲಿ ಬಕೆಟ್ ಅಡ್ಡ ಬಿದ್ದಿತ್ತು, ನಲ್ಲಿಯಿಂದ ನೀರು ಸುರಿಯುತ್ತಲೇ ಇತ್ತು, ಕಲ್ಲಿನ ಮೇಲೆ ಅರ್ಧ ಸೋಪು ಹಚ್ಚಿದ ಅಂಗಿ. ಯಾರೂ ಇರಲಿಲ್ಲ.

“ಯಾರ್ರಿ?” ಎಂದು ಅಡುಗೆಮನೆಯಿಂದ ಅವಳೇ ಬಂದಳು. ಬಲ ಮೊಣಕೈಗೆ ಅರಿಶಿನ ಮೆತ್ತಿಕೊಂಡಿದ್ದಳು.

“ಏನಾತು ಕೈಗೆ?”

“ನಲ್ಲಿ ಒಗದು ಬಿಡ್ತ್ರಿ,” ಎಂದಳು. “ನಮ್ಮಪ್ಪ ಕೆಂಚನಗುಡ್ಡದಾಗ ಹೊಳಿ ಮೋಟ್ರು ನೋಡ್ಕೊಂತಾನ್ರಿ. ಕಬ್ಬಿಣ ಯಾವ್ದಾರ ಇರ್ಲಿ, ಮೊದ್ಲ ಕೈಯ ಹಿಂಬದಿಲೆ ಮುಟ್ಟಿ ನೋಡು ಅಂತಿದ್ದ. ಇಷ್ಟು ದಿನ ಹಂಗಾ ಮಾಡ್ತಿದ್ದೆ. ಮಾವಾರ ಮಷಿನ್ ಗುಂಯ್ ಅಂದ್ರಂತೂ ನಲ್ಲಿ ಕಡಿಗೆ ಹೋಗ್ತಿದ್ದಿಲ್ಲ. ಇವತ್ತು ಮಾವಾರು ಹಾಡು ಹಚ್ಚಿಟ್ಟು ಹೋಗಿದ್ರು, ಗುಂಯ್ ಅನ್ನವಲ್ದಲ್ಲ ಅಂತ ಅಂಗೈಲೆ ಹಿಡದೆ. ಹಿಂದಕ ಬಿದ್ದೆ. ಬಿದ್ದಿದ್ದಕ್ಕ ಕೈ ಬಿಡ್ತು.”

ಹಿಂದಕ್ಕೆ ಬೀಳದೆ ಮುಂದಕ್ಕೆ ಬಿದ್ದಿದ್ದರೆ ಕೈ ಬಿಡುತ್ತಿರಲಿಲ್ಲ. ಇದು ನನಗೂ ಗೊತ್ತಿತ್ತು, ವೈರ್‌ಮನ್ನಿಗೂ ಗೊತ್ತಿತ್ತು.

“ನಿನ್ನೆ ನನಗ ಏನೋ ಹೇಳಾಕ ಬಂದಿದ್ದಿ...” ಎಂದು ಶುರುಮಾಡಿದೆ. ಅಷ್ಟರಲ್ಲಿ ಮೇಸ್ತ್ರಿಯ ಬೈಕು ಬಾಗಿಲಿಗೆ ಬಂತು. ಅವಳು ಅತ್ತ ನೋಡಿ, “ಏನಿಲ್ಲ ಬಿಡ್ರಿ” ಎಂದಳು.

ಮೀಟರಿನ ಒಂದು ಕಡ್ಡಿಯನ್ನು ನಲ್ಲಿಗೆ, ಇನ್ನೊಂದನ್ನು ಒದ್ದೆ ನೆಲಕ್ಕೆ ಹಿಡಿದೆ. ಎಪ್ಪತ್ತು ವೋಲ್ಟಿನ ಮೇಲೆ ತೋರಿಸಿತು. ಮೇಸ್ತ್ರಿ ಬಗ್ಗಿ ನೋಡಿದರು. ಗಿರಣಿಯಲ್ಲಿ ದುಡಿದವರಿಗೆ ಆ ಅಂಕಿ ಏನೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ನಾನು ಒಳಗೆ ಹೋಗಿ ಪ್ಲಗ್ಗು ಬಿಚ್ಚಿ, ಹಸಿರು ವೈರಿನ ಟೇಪು ಕಿತ್ತು, ಮತ್ತೆ ಮೂರನೇ ಪಿನ್ನಿಗೆ ಬಿಗಿದು ಸ್ವಿಚ್ ಹಾಕಿದೆ. ಗುಂಯ್ ಎಂದು ಮನೆ ತುಂಬಿತು.

“ಇದೇನಿದು, ಮತ್ತ ಬಂತಲ್ಲ?”

“ನಾನಾ ತಂದೀನಿ ಮೇಸ್ತ್ರಿ. ಮೊನ್ನೆ ನಾ ರಿಪೇರಿ ಮಾಡಿದ್ದಿಲ್ಲ. ಅರ್ತ್ ವೈರು ಬಿಚ್ಚಿಟ್ಟು ಸದ್ದು ಮುಚ್ಚಿ ಹೋಗಿದ್ದೆ.” ಹೇಳುವಾಗ ಮುಖ ನೋಡಲು ಆಗಲಿಲ್ಲ. ಮೊನ್ನೆ ಎಂದೆ, ಆದದ್ದು ನಿನ್ನೆ. ಅಷ್ಟು ಗಲಿಬಿಲಿಯಾಗಿತ್ತು.

ಅವರು ಆ ಪ್ಲಗ್ಗನ್ನೇ ನೋಡುತ್ತ, “ನಿಮ್ಮಪ್ಪ ಇಂಥ ಕೆಲ್ಸ ಮಾಡ್ತಿದ್ದಿಲ್ಲ” ಎಂದರು. ಹೌದು, ಮಾಡುತ್ತಿರಲಿಲ್ಲ. ಇದಕ್ಕಿಂತ ನಾಲ್ಕು ಬೈಗುಳ ಬೈದಿದ್ದರೆ ಒಳ್ಳೆಯದಿತ್ತು.

ಕರೆಂಟು ಎಲ್ಲಿ ಸೋರುತ್ತಿದೆ ಎಂದು ಹುಡುಕುವ ಕೆಲಸ ಶುರುವಾಯಿತು. ಪಂಪಿನ ಸ್ವಿಚ್ ತೆಗೆದೆವು, ಮೀಟರಿನ ಅಂಕಿ ಇಳಿಯಲಿಲ್ಲ. ಫ್ರಿಜ್ಜು ತೆಗೆದೆವು, ನೀರು ಕಾಯಿಸುವ ಗೀಸರು ತೆಗೆದೆವು, ಇಳಿಯಲಿಲ್ಲ. ಕೊನೆಗೆ ವೈರ್‌ಮನ್ ಮೇನ್ ಸ್ವಿಚ್ಚನ್ನೇ ಕೆಳಗೆಳೆದ. ಫ್ಯಾನು ನಿಂತಿತು, ಆಂಪ್ಲಿಯ ಗುಂಯ್ ನಿಂತಿತು, ಮನೆ ತಣ್ಣಗಾಯಿತು. ನಾನು ನಲ್ಲಿಯ ಹತ್ತಿರ ಮೀಟರು ಹಿಡಿದು ಕೂತಿದ್ದೆ. ಅದು ಇನ್ನೂ ಎಪ್ಪತ್ತನ್ನೇ ತೋರಿಸುತ್ತಿತ್ತು.

ಇಷ್ಟು ವರ್ಷದ ಕೆಲಸದಲ್ಲಿ ನನಗೆ ಅಷ್ಟು ಭಯವಾದದ್ದು ಅದೇ ಮೊದಲು. ಮನೆಯಲ್ಲಿ ಒಂದು ಹನಿ ಕರೆಂಟಿಲ್ಲ, ನಲ್ಲಿಯಲ್ಲಿ ಮಾತ್ರ ಇದೆ. ಮೇನ್ ಆಫ್ ಮಾಡಿ ಕೆಲಸಕ್ಕೆ ಕೈ ಹಾಕುವುದು ನಮ್ಮೆಲ್ಲರ ಧೈರ್ಯ. ಅದೇ ಇಲ್ಲಿ ನಡೆಯುತ್ತಿರಲಿಲ್ಲ.

“ಅಕ್ಕ, ಇದು ಈ ಮನೀದಲ್ಲ,” ಎಂದ ವೈರ್‌ಮನ್, ಸಣ್ಣ ದನಿಯಲ್ಲಿ. “ಹೊರಗಿಂದ ಬರಾಕತ್ತೈತಿ.”

ಮೀಟರ್ ಬೋರ್ಡಿನಿಂದ ಅರ್ತ್ ವೈರನ್ನು ಹಿಡಿದು ಹೊರಟೆವು. ಅದು ಕಿಟಕಿಯ ಕೆಳಗೆ ಇಳಿದು, ಅಂಗಳದ ಅಂಚಿನಲ್ಲಿ ಸಾಗಿ, ನಡುವಿನ ಗೋಡೆಯ ಬುಡದಲ್ಲಿ ಒಂದು ತೂತಿನೊಳಗೆ ಹೋಗಿತ್ತು. ಗುಂಡಿ ಗೋಡೆಯ ಆಚೆ, ಮೇಸ್ತ್ರಿಯ ತಮ್ಮನ ಪಾಲಿನಲ್ಲಿತ್ತು. ಕೋಣೆ, ಕಣಜ, ಬಾಗಿಲು, ಹಿತ್ತಲಿನ ನಿಂಬೆ ಗಿಡದವರೆಗೂ ಹಿರಿಯರನ್ನು ಕೂರಿಸಿಕೊಂಡು ಪಾಲು ಮಾಡಿದ್ದರು. ಕರೆಂಟಿನ ಮೀಟರು ಕೂಡ ಬೇರೆ ಬೇರೆ ಆಗಿತ್ತು. ಈ ಗುಂಡಿ ಒಂದಿದೆ ಎಂದು ಯಾರಿಗೂ ನೆನಪಾಗಿರಲಿಲ್ಲ. ಎರಡು ಮನೆಯ ಅರ್ತ್ ವೈರೂ ಇವತ್ತಿಗೂ ಅದೇ ಒಂದು ಗುಂಡಿಯಲ್ಲಿ ಕೂಡಿದ್ದವು. ಮೊದಲು ಬಚ್ಚಲ ನೀರು ಹರಿದು ಅದನ್ನು ಹಸಿಯಾಗಿ ಇಡುತ್ತಿತ್ತು. ಪಾಲಾದ ಮೇಲೆ ಎರಡೂ ಕಡೆ ಸಿಮೆಂಟು ಬಿದ್ದು ಅದು ಒಣಗಿತ್ತು.

ವೈರ್‌ಮನ್ ಕಟಿಂಗ್ ಪ್ಲೇಯರ್ ತೆಗೆದ. “ಈ ತೂತಿನ ಹತ್ರ ಕತ್ತರಿಸಿ ಬಿಡ್ತೀನಿ. ನಿಮ್ಮ ನಲ್ಲಿಗೆ ಕರೆಂಟ್ ಬರಂಗಿಲ್ಲ. ಬರೋ ವಾರ ಈ ಕಡಿಗೆ ಹೊಸಾ ಗುಂಡಿ ತೋಡ್ತೀನಿ. ಮುಗೀತು.”

“ಕತ್ತರಿಸು,” ಎಂದರು ಮೇಸ್ತ್ರಿ.

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಕತ್ತರಿಸಿದರೆ ಈ ಮನೆಯ ನಲ್ಲಿ ಆ ಕ್ಷಣಕ್ಕೆ ಸುಮ್ಮನಾಗುತ್ತಿತ್ತು. ಆದರೆ ನಾನು ಪ್ಲಗ್ಗಿನೊಳಗೆ ಮಾಡಿದ್ದೂ ಇದನ್ನೇ. ಆ ಕಡೆ ಯಾರು ಏನು ಮುಟ್ಟುತ್ತಿದ್ದಾರೋ ಗೊತ್ತಿಲ್ಲದೆ, ನಮಗೆ ಕೇಳಿಸದಂತೆ ಮಾಡಿಕೊಂಡು ಎದ್ದು ಹೋಗುವುದು. ನಾನು ಅವನ ಕೈ ಹಿಡಿದೆ.

“ಬ್ಯಾಡಲೇ. ಒಂದ್ ಸಲ ಮಾಡಿ ನೋಡೀನಿ. ಆ ಮನಿಗೆ ಹೋಗಿ ಎಲ್ಲಿ ಸೋರತೈತಿ ನೋಡೋಣ. ಮೇಸ್ತ್ರಿ, ನೀವು ಬಂದು ಒಂದ್ ಮಾತು ಹೇಳ್ರಿ.”

“ಆ ಬಾಗಿಲಿಗೆ ನಾ ಹೋಗಂಗಿಲ್ಲ. ಮೂರು ವರ್ಷ ಆತು. ನನ್ನ ಹೆಣಾನೂ ಆ ಕಡಿ ನೋಡಂಗಿಲ್ಲ.”

“ನಿಮ್ಮ ಹೆಣ ಅಲ್ರಿ ಮೇಸ್ತ್ರಿ, ಇವತ್ತು ಬೀಳ್ತಿದ್ದದ್ದು.” ಬಾಯಿ ತಪ್ಪಿ ಬಂದದ್ದಲ್ಲ, ಸಿಟ್ಟಿನಿಂದಲೇ ಅಂದೆ. ಅರ್ಧ ಸಿಟ್ಟು ಅವರ ಮೇಲೆ, ಉಳಿದದ್ದು ನನ್ನ ಮೇಲೆ.

ಅವರು ಸೊಸೆಯ ಮೊಣಕೈ ನೋಡಿದರು, ನೆಲ ನೋಡಿದರು. ಅಷ್ಟರಲ್ಲಿ ಸೊಸೆ ಬಾಗಿಲ ಬಳಿ ಹೋಗಿ ಚಪ್ಪಲಿ ಮೆಟ್ಟಿದ್ದಳು. ಯಾರ ಅಪ್ಪಣೆಯನ್ನೂ ಕೇಳಲಿಲ್ಲ. “ಅಕ್ಕಾರ, ನೀವು ಮೀಟರ್ ಹಿಡ್ಕೊಂಡು ಅಲ್ಲೇ ಕುಂದರ್ರಿ,” ಎಂದಷ್ಟೇ ಹೇಳಿ ಬೀದಿಗಿಳಿದಳು. ವೈರ್‌ಮನ್ ಅವಳ ಹಿಂದೆ ಓಡಿದ.

ನಾನು ನಲ್ಲಿಯ ಮುಂದೆ ಕೂತೆ. ಗೋಡೆಯ ಆಚೆ ಬಾಗಿಲು ಬಡಿದ ಸದ್ದು. ಚಿಲಕ ತೆಗೆದ ಸದ್ದು. ಅಲ್ಲೊಂದು ಹೆಣ್ಣುದನಿ, ತಮ್ಮನ ಹೆಂಡತಿಯದು, ಏನೋ ಕೇಳಿತು. ಸೊಸೆ, “ಆಮ್ಯಾಲ ಹೇಳ್ತೀನಿ ಸಣ್ಣತ್ತಿ” ಅಂದದ್ದು ಕೇಳಿಸಿತು. ಹೆಜ್ಜೆಗಳು ಸೀದಾ ಹಿತ್ತಲಿಗೆ ಹೋದವು. ಮೇಸ್ತ್ರಿ ನನ್ನ ಬೆನ್ನ ಹಿಂದೆ ನಿಂತಿದ್ದರು. ಎಪ್ಪತ್ತೆರಡು, ಎಪ್ಪತ್ತೊಂದು, ಎಪ್ಪತ್ತೆರಡು. ಗೋಡೆಯಾಚೆ ಟಕ್ ಎಂದು ಸಣ್ಣ ಸದ್ದಾಯಿತು. ಮೀಟರಿನ ಅಂಕಿ ಒಮ್ಮೆಲೇ ಬಿದ್ದು ಸೊನ್ನೆಗೆ ಬಂತು.

“ಈಗ ನೋಡ್ರಿ ಅಕ್ಕಾರ,” ಎಂದು ಅವಳ ದನಿ ಗೋಡೆ ದಾಟಿ ಬಂತು.

ನಾನೂ ಆ ಮನೆಗೆ ಹೋದೆ. ಹಿತ್ತಲಿನಲ್ಲಿ ಬೋರ್‌ವೆಲ್ಲಿನ ಸ್ಟಾರ್ಟರ್, ಕಬ್ಬಿಣದ ಡಬ್ಬಿ. ಮೋಟರು ನೆಲದಾಳದಲ್ಲಿ ಇರುವುದರಿಂದ ಓಡುವಾಗ ಸದ್ದೇ ಇಲ್ಲ, ಈ ಕಡೆಯವರಿಗೆ ಗೊತ್ತಾಗುವಂತಿರಲಿಲ್ಲ. ಡಬ್ಬಿಯ ಪಕ್ಕದ ಮೊಳೆಗೆ ಒಂದು ಬೇವಿನ ಕಡ್ಡಿ ನೇತುಹಾಕಿದ್ದರು. ಯಾಕೆಂದು ಕೇಳಿದೆ.

“ಬಟನ್ ಒತ್ತಾಕ್ರಿ,” ಎಂದಳು ತಮ್ಮನ ಹೆಂಡತಿ. “ಬೆರಳಿಲೆ ಒತ್ತಿದ್ರ ಹೊಡಿತೈತಿ. ಎರಡು ತಿಂಗಳಾತು.”

ಒಂದು ಮನೆಯವರು ಕೈಯ ಹಿಂಬದಿಯಿಂದ ಮುಟ್ಟಿ ನೋಡುತ್ತಿದ್ದರು, ಇನ್ನೊಂದು ಮನೆಯವರು ಕಡ್ಡಿಯಿಂದ ಒತ್ತುತ್ತಿದ್ದರು. ಎರಡೂ ಕಡೆಯವರಿಗೆ ಅರ್ಧರ್ಧ ಗೊತ್ತಿತ್ತು.

ಕಂಬದ ಫ್ಯೂಸು ತೆಗೆಸಿ, ಟೆಸ್ಟರಿನಿಂದ ಎರಡೆರಡು ಸಲ ನೋಡಿ ಡಬ್ಬಿ ಬಿಚ್ಚಿದೆವು. ಮೋಟರಿಗೆ ಹೋಗುವ ವೈರಿನ ಹೊದಿಕೆ ಬಿಸಿಗೆ ಕರಗಿ ಡಬ್ಬಿಯ ಅಂಚಿಗೆ ಅಂಟಿ ಕಪ್ಪಾಗಿತ್ತು. ಮೋಟರು ಹಾಕಿದಾಗಲೆಲ್ಲ ಅಲ್ಲಿಂದ ಸೋರಿದ ಕರೆಂಟು ಒಣಗಿದ ಗುಂಡಿಗೆ ಹೋಗಿ, ಇಳಿಯಲಾಗದೆ ಇನ್ನೊಂದು ವೈರು ಹಿಡಿದು ಅಣ್ಣನ ಮನೆಯ ನಲ್ಲಿಗೆ ಬರುತ್ತಿತ್ತು. ವೈರ್‌ಮನ್ ಹೊಸ ವೈರು ಎಳೆದ. ಎರಡೂ ಮನೆಗೆ, ಕರೆಂಟು ಸೋರಿದರೆ ತಾನೇ ಬಿದ್ದುಬಿಡುವ ಟ್ರಿಪ್ಪರ್ ಕೂಡಿಸಿದ. ಅಷ್ಟರಲ್ಲಿ ತಮ್ಮ ಗದ್ದೆಯಿಂದ ಬಂದ. ವಿಷಯ ಕೇಳಿದ, ಒಳಗೆ ಹೋಗಿ ಹಾರೆ ತಂದು ಗುಂಡಿಯ ಮೇಲಿನ ಸಿಮೆಂಟನ್ನು ತಾನೇ ಒಡೆಯತೊಡಗಿದ.

ಗುಂಡಿಗೆ ಹೊಸ ಉಪ್ಪು, ಇದ್ದಿಲು ತುಂಬಿ ನೀರು ಹಾಕಬೇಕಿತ್ತು. ಆ ಕಡೆಯ ಮೋಟರಿಗೆ ಕರೆಂಟು ಇನ್ನೂ ಕೊಟ್ಟಿರಲಿಲ್ಲ, ಟ್ಯಾಂಕಿನಲ್ಲಿದ್ದ ನೀರು ಸಾಲುವಂತಿರಲಿಲ್ಲ. ಏನು ಮಾಡುವುದೆಂದು ನೋಡುತ್ತಿರುವಾಗ ಗೋಡೆಯ ಮೇಲೆ ಹಸಿರು ಪೈಪಿನ ತುದಿ ಕಾಣಿಸಿತು. ಆಚೆಯಿಂದ ಮೇಸ್ತ್ರಿ ದಾಟಿಸುತ್ತಿದ್ದರು.

“ಹಿಡೀರಿ ಯಾರಾರ,” ಎಂದರು.

ತಮ್ಮ ಹಾರೆ ಇಟ್ಟು ಹೋಗಿ ಪೈಪು ಹಿಡಿದ. “ಬಿಡು, ನೀರು ಬಿಡು” ಎಂದ. ಅಷ್ಟೇ ಮಾತು. ಅದಕ್ಕಿಂತ ಹೆಚ್ಚೇನೂ ಅವತ್ತು ನಡೆಯಲಿಲ್ಲ.

ಹಸಿರು ವೈರು ಪ್ಲಗ್ಗಿನೊಳಗೆ ತನ್ನ ಜಾಗದಲ್ಲೇ ಉಳಿಯಿತು. ಆ ಕಡೆಯ ಮೋಟರು ಹಾಕಿಸಿ, ಈ ಕಡೆ ಆಂಪ್ಲಿ ಹಾಕಿ ನೋಡಿದೆ. ಕಿವಿಯನ್ನು ಸ್ಪೀಕರಿಗೆ ಹಚ್ಚಿದರಷ್ಟೇ ಕೇಳುವಷ್ಟು ಸಣ್ಣ ಸದ್ದಿತ್ತು. ಚೀಲದಲ್ಲಿದ್ದ ಟ್ರಾನ್ಸ್‌ಫಾರ್ಮರ್ ತೋರಿಸಿ, ಇದನ್ನು ಹಾಕಿದರೆ ಅದೂ ಹೋಗುತ್ತದೆ ಎಂದೆ. ಮೇಸ್ತ್ರಿ ಸೊಸೆಯ ಕಡೆ ನೋಡಿ, “ಅಷ್ಟು ಇರ್ಲಿ” ಎಂದರು.

ಬಸ್ ಸ್ಟ್ಯಾಂಡಿನವರೆಗೂ ಸೊಸೆ ಬಂದಳು, ನನ್ನ ಟೂಲ್ ಚೀಲದ ಒಂದು ಹಿಡಿ ಅವಳ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಕಲ್ಲು ಬೆಂಚಿನ ಮೇಲೆ ಕೂತೆವು. ಬೆಳಿಗ್ಗೆಯಿಂದ ಕೇಳಬೇಕೆಂದಿದ್ದ ಮಾತನ್ನು ಆಗ ಕೇಳಿದೆ.

“ಆ ಮನಿಗೆ ಹೋದಾಕಿ ಸೀದಾ ಸ್ಟಾರ್ಟರ್ ಹತ್ರ ಹೋದೆಲ್ಲ, ಹೆಂಗ ಗೊತ್ತಾತು?”

ಅವಳು ಚೀಲವನ್ನು ಬೆಂಚಿನ ಕೆಳಗೆ ಸರಿಸಿದಳು.

“ಗ್ವಾಡಿ ಆಚೆ ಟ್ಯಾಂಕಿ ತುಂಬಿದ್ರ ನೀರು ಹೊರಗ ಬೀಳೋ ಸದ್ದು ಬರ್ತೈತ್ರಿ. ಆಮ್ಯಾಲ ಸಣ್ಣತ್ತಿ ಮೋಟ್ರು ಬಂದ್ ಮಾಡ್ತಾಳ. ಮಾಡಿದ ಕೂಡ್ಲೇ ಇಲ್ಲಿ ಗುಂಯ್ ನಿಲ್ತೈತಿ, ನಲ್ಲಿ ಜುಂ ಅನ್ನೋದೂ ನಿಲ್ತೈತಿ. ದಿನಾ ನೋಡೀನಿ. ಮಾವಾರ ಮುಂದ ಆ ಮನಿ ಸುದ್ದಿ ಎತ್ತಂಗಿಲ್ಲ. ನಿಮ್ಮ ಮುಂದ ಹೇಳಬೇಕಂತನಾ ನಿನ್ನೆ ಚಾ ತಂದಿದ್ದೆ.”

ನಾನು ಪ್ಲಗ್ಗು ಬಿಚ್ಚುವ ಮೊದಲು, ನನ್ನ ಮುಂದೆ ಲೋಟ ಇಟ್ಟು ಅವಳು ಹೇಳಬೇಕೆಂದಿದ್ದ ಮಾತಿನ ಉಳಿದರ್ಧ ಇದು. “ತಪ್ಪಾತು ತಂಗಿ,” ಎಂದೆ. ಅವಳು ಮೊಣಕೈಯ ಒಣಗಿದ ಅರಿಶಿನ ಉದುರಿಸುತ್ತ, “ಇರ್ಲಿ ಬಿಡ್ರಿ” ಎಂದಳು. ಆಮೇಲೆ ನನ್ನ ಕಡೆ ತಿರುಗಿ ಕೂತು, “ಅಕ್ಕಾರ, ಇನ್ನೊಂದು ಐತ್ರಿ. ನಮ್ಮ ತವರಮನ್ಯಾಗ ಹೊಳಿ ಮೋಟ್ರಿನ ಡಬ್ಬಿ ಹತ್ರ...” ಎಂದು ಶುರುಮಾಡಿದಳು.

ಬಳ್ಳಾರಿ ಬಸ್ಸು ಬಂದು ನಿಂತಿತು. ಕಂಡಕ್ಟರು ನನ್ನ ಚೀಲ ನೋಡಿ, “ಬರ್ರಿ ಬರ್ರಿ, ಜಾಗ ಐತಿ” ಎಂದು ಕರೆದ. ನಾನು ಹೋಗು ಎಂದು ಕೈ ಬೀಸಿದೆ. ಅವಳ ಮಾತು ಇನ್ನೂ ಮುಗಿದಿರಲಿಲ್ಲ.